ಆಪರೇಷನ್ ಆಗಿ ಒಂಬತ್ತು ದಿನ, ಮಗು ಅತ್ತರೆ ಏಳುವುದೇ ಆಗುತ್ತಿಲ್ಲ

ಒಂಬತ್ತನೇ ದಿನದ ಅಮ್ಮ

ಎಲ್ಲರಿಗೂ ನಮಸ್ಕಾರ. ಬೆಳಗಿನ ಜಾವ ಮೂರೂ ಮುಕ್ಕಾಲು. ಮಗು ಈಗಷ್ಟೇ ಮಲಗಿತು, ನನ್ನ ನಿದ್ದೆ ಹಾರಿಹೋಗಿದೆ. ಬರೆದದ್ದರಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ಹೊಟ್ಟೆಯಲ್ಲಂತೂ ಸದ್ಯಕ್ಕೆ ಜಾಗವಿಲ್ಲ.

14 ಗಂಟೆ ಹೆರಿಗೆ ನೋವು ತಿಂದೆ. ಆಮೇಲೆ ಮಗುವಿನ ಎದೆಬಡಿತ ಇಳಿಯುತ್ತಿದೆ ಅಂತ ಆಪರೇಷನ್‌ಗೆ ಕರೆದುಕೊಂಡು ಹೋದರು. ಹೆಣ್ಣು ಮಗು, ಚೆನ್ನಾಗಿದ್ದಾಳೆ. ನಾಲ್ಕನೇ ದಿನ ಮನೆಗೆ ಬಂದೆವು. ಆಸ್ಪತ್ರೆಯಲ್ಲಿ ಗುಂಡಿ ಒತ್ತಿದರೆ ಮಂಚದ ತಲೆಭಾಗ ಮೇಲೇಳುತ್ತಿತ್ತು. ಮನೆಯ ಮಂಚಕ್ಕೆ ಗುಂಡಿ ಇಲ್ಲ ಅನ್ನುವುದು ಮೊದಲ ರಾತ್ರಿಯೇ ತಿಳಿಯಿತು.

ತೊಂದರೆ ಇಷ್ಟು. ರಾತ್ರಿ ಅವಳು ಅತ್ತರೆ ನಾನು ಏಳಬೇಕು. ಏಳುವಾಗ ಹೊಲಿಗೆ ಹರಿದೇ ಹೋಯಿತೇನೋ ಅನ್ನಿಸುತ್ತದೆ. ಎದ್ದು, ನೆಟ್ಟಗಾಗಿ, ಗೋಡೆ ಹಿಡಿದು ತೊಟ್ಟಿಲ ತನಕ ಹೋಗಿ, ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ಅವಳು ಅತ್ತೂ ಅತ್ತೂ ಕೆಂಪಗಾಗಿರುತ್ತಾಳೆ. ಆ ಸಿಟ್ಟಿನಲ್ಲಿ ಹಾಲೂ ಕುಡಿಯುವುದಿಲ್ಲ. ಹಗಲು ಅಮ್ಮ ನೋಡಿಕೊಳ್ಳುತ್ತಾರೆ. ರಾತ್ರಿ ನನ್ನ ಗಂಡನನ್ನು ಎಬ್ಬಿಸಲು ಮನಸ್ಸು ಬರುವುದಿಲ್ಲ, ಬೆಳಗ್ಗೆ ಅವರು ಕೆಲಸಕ್ಕೆ ಹೋಗಬೇಕು.

ಇನ್ನೊಂದು ಮಾತು. ಮಗು ನೋಡಲು ಬಂದವರೊಬ್ಬರು ‘ನಿನ್ನದು ಸುಲಭ ಆಯ್ತು ಬಿಡು, ಕೊಯ್ದು ತೆಗೆದು ಕೈಗೆ ಕೊಟ್ಟರು’ ಅಂದರು. ನಾನು ನಕ್ಕೆ. ನಗುವಾಗಲೂ ಹೊಲಿಗೆ ಎಳೆಯಿತು. ಆ ಮಾತು ಇನ್ನೂ ಒಳಗೇ ಕೂತಿದೆ.

ನೀವೆಲ್ಲ ಹೇಗೆ ದಾಟಿದಿರಿ?

ಎರಡು ಹೊಲಿಗೆಯವಳು

ಎರಡು ಮಕ್ಕಳು, ಎರಡೂ ಸಿಸೇರಿಯನ್. ಮೊದಲ ಸಲ ನೀವು ಮಾಡುತ್ತಿರುವುದನ್ನೇ ನಾನೂ ಮಾಡಿದೆ. ಎರಡನೇ ಸಲ ಒಂದೇ ಒಂದು ನಿಯಮ ಇಟ್ಟುಕೊಂಡೆ: ನಾನು ಮಗುವಿನ ಹತ್ತಿರ ಹೋಗುವುದಿಲ್ಲ, ಮಗು ನನ್ನ ಹತ್ತಿರ ಬರಬೇಕು. ಬಾಕಿ ಎಲ್ಲ ಇದರ ಸುತ್ತಲೇ.

ಮೊದಲು ಏಳುವ ವಿಷಯ. ನೀವು ಮಲಗಿದ ಕಡೆಯಿಂದ ನೇರವಾಗಿ ತಲೆ ಎತ್ತಿ ಏಳುತ್ತಿದ್ದೀರಿ ಅನ್ನಿಸುತ್ತದೆ. ಹಾಗೆ ಎದ್ದರೆ ಇಡೀ ಭಾರ ಹೊಟ್ಟೆಯ ಮೇಲೆ ಬೀಳುತ್ತದೆ. ಅಂಗಾತ ಮಲಗಿದ್ದರೆ ಮೊದಲು ಎರಡೂ ಮಂಡಿ ಮಡಚಿ. ಭುಜ, ಸೊಂಟ, ಮಂಡಿ ಎಲ್ಲ ಒಟ್ಟಿಗೆ, ಮರದ ದಿಮ್ಮಿ ಉರುಳಿದ ಹಾಗೆ ಮಗ್ಗುಲಿಗೆ ಹೊರಳಿ. ಕಾಲು ಮಂಚದಿಂದ ಕೆಳಗೆ ಬಿಡಿ. ಆಮೇಲೆ ಕೈ ಊರಿ ಮೇಲೇಳಿ. ಎದ್ದ ತಕ್ಷಣ ನಿಲ್ಲಬೇಡಿ, ಅರ್ಧ ನಿಮಿಷ ಕೂತಿರಿ. ಮಲಗುವಾಗ ಇದೇ ಹಿಂದುಮುಂದಾಗಿ. ಎರಡು ದಿನ ಬೇಜಾರು, ಮೂರನೇ ದಿನ ಅಭ್ಯಾಸ.

ತೊಟ್ಟಿಲು ದೂರ ಇದ್ದರೆ ಪ್ರಯೋಜನವಿಲ್ಲ. ಮಗು ಮಲಗುವ ಜಾಗ ನಿಮ್ಮ ಮಂಚದ ಎತ್ತರಕ್ಕೆ ಇರಲಿ, ಮಂಚಕ್ಕೆ ತಾಗಿಕೊಂಡಿರಲಿ. ಬಗ್ಗುವ ಪ್ರಶ್ನೆಯೇ ಬರಬಾರದು. ಡಯಾಪರ್ ಬದಲಿಸುವುದಕ್ಕೂ ನೆಲ ಬೇಡ, ಸೊಂಟದ ಎತ್ತರದ ಮೇಜು ಸಾಕು. ಆದರೆ ಮೇಜಿನ ಮೇಲೆ ಮಗುವನ್ನು ಬಿಟ್ಟು ಒಂದು ಕ್ಷಣವೂ ಕೈ ತೆಗೆಯಬೇಡಿ.

ಮಗುವಿಗಿಂತ ಭಾರವಾದದ್ದನ್ನು ಆರು ವಾರ ಎತ್ತಬೇಡಿ. ತುಂಬಿದ ಬಕೆಟ್ ಬೇಡವೇ ಬೇಡ. ನನ್ನ ದೊಡ್ಡ ಮಗ ಎತ್ತಿಕೋ ಅಂತ ಅಳುತ್ತಿದ್ದ. ನಾನು ಕೂತ ಮೇಲೆ ಅವನೇ ಹತ್ತಿ ಪಕ್ಕಕ್ಕೆ ಬರುವುದು ಅಂತ ಒಪ್ಪಂದ ಮಾಡಿಕೊಂಡೆವು. ಹೊಟ್ಟೆಗೂ ಅವನ ಕಾಲಿಗೂ ನಡುವೆ ಯಾವಾಗಲೂ ಒಂದು ದಿಂಬು. ಎರಡು ವರ್ಷದವನ ಕಾಲು ಎಲ್ಲಿಗೆ ಬೀಳುತ್ತದೆ ಅಂತ ದೇವರಿಗೂ ಗೊತ್ತಿರುವುದಿಲ್ಲ.

ರಾತ್ರಿ ಪಾಳಿಯ ಅಪ್ಪ

ಗಂಡಸರ ಕಡೆಯಿಂದ ಒಂದು ಮಾತು. ಮೇಡಂ, ದಯವಿಟ್ಟು ಎಬ್ಬಿಸಿ. ಅವರು ಕೆಲಸಕ್ಕೆ ಹೋಗಬೇಕು, ಸರಿ. ನಿಮಗೆ ಹೊಟ್ಟೆ ಕೊಯ್ದು ಒಂಬತ್ತು ದಿನ ಆಗಿದೆ. ಬೇರೆ ಯಾವ ಆಪರೇಷನ್ ಆಗಿದ್ದರೂ ಒಂಬತ್ತನೇ ದಿನ ನಿಮ್ಮನ್ನು ಯಾರೂ ರಾತ್ರಿ ನಾಲ್ಕು ಸಲ ಏಳಿಸುತ್ತಿರಲಿಲ್ಲ, ಅಲ್ವಾ?

ನಮ್ಮ ಮನೆಯಲ್ಲಿ ಹೀಗಿತ್ತು. ಮಗು ಅತ್ತರೆ ನಾನು ಏಳುವುದು. ಡಯಾಪರ್ ನೋಡಿ, ಬದಲಿಸಿ, ಅವಳ ಮಡಿಲಿಗೆ ಕೊಡುವುದು. ಅವಳು ಹಾಲು ಕೊಡುವಾಗ ನಾನು ಪಕ್ಕದಲ್ಲೇ ತೂಕಡಿಸುವುದು. ಮುಗಿದ ಮೇಲೆ ಎತ್ತಿಕೊಂಡು ತೇಗು ತರಿಸಿ ಮಲಗಿಸುವುದು. ಅವಳು ಮಂಚದಿಂದ ಇಳಿಯುತ್ತಲೇ ಇರಲಿಲ್ಲ. ಒಂದು ಸುತ್ತಿಗೆ ನನಗೆ ಹತ್ತು ಹದಿನೈದು ನಿಮಿಷದ ಕೆಲಸ. ಮಾರನೆಯ ದಿನ ಕಣ್ಣು ಉರಿಯುತ್ತಿತ್ತು, ನಿಜ.

ಮಲಗುವ ಮುಂಚೆ ಅವಳ ಕೈಗೆ ಸಿಗುವ ಹಾಗೆ ನೀರಿನ ಬಾಟಲಿ, ಮಾತ್ರೆ, ಪ್ಯಾಡ್, ಫೋನ್ ಚಾರ್ಜರ್, ಒರೆಸುವ ಬಟ್ಟೆ ಇಡುವುದು ನನ್ನ ಕೆಲಸ. ಗೋಡೆಗೆ ಒಂದು ಕಾಗದ ಅಂಟಿಸಿದ್ದೆ: ಮಾತ್ರೆ ಎಷ್ಟು ಹೊತ್ತಿಗೆ ತೆಗೆದುಕೊಂಡಳು, ಮಗು ಎಷ್ಟು ಹೊತ್ತಿಗೆ ಕುಡಿಯಿತು, ಎಷ್ಟು ಡಯಾಪರ್ ಒದ್ದೆಯಾಯಿತು. ನಿದ್ದೆಗೆಟ್ಟ ತಲೆ ಇದನ್ನೆಲ್ಲ ನೆನಪಿಡುವುದಿಲ್ಲ.

ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಆರನೇ ರಾತ್ರಿ ಮಗುವನ್ನು ಎದೆಯ ಮೇಲೆ ಹಾಕಿಕೊಂಡು ಸೋಫಾದಲ್ಲಿ ಕೂತವನು ಹಾಗೇ ನಿದ್ದೆ ಹೋದೆ. ಎಚ್ಚರವಾದಾಗ ಮಗು ನನ್ನ ತೋಳಿಗೂ ಸೋಫಾದ ಬದಿಗೂ ನಡುವೆ ಜಾರಿತ್ತು. ಏನೂ ಆಗಲಿಲ್ಲ, ಪುಣ್ಯ. ಹೀಗೆ ಸೋಫಾದಲ್ಲಿ ಮಗುವಿನ ಜೊತೆ ಮಲಗಿದರೆ ಉಸಿರುಗಟ್ಟುವ ಅಪಾಯ ತುಂಬಾ ಜಾಸ್ತಿ ಅಂತ ಆಮೇಲೆ ಡಾಕ್ಟರ್ ಬೈದು ಹೇಳಿದರು. ನಿದ್ದೆ ತೂಗುತ್ತಿದ್ದರೆ ಮಗುವನ್ನು ಅದರ ಜಾಗದಲ್ಲಿ ಅಂಗಾತ ಮಲಗಿಸಿ. ಗಟ್ಟಿ ಹಾಸಿಗೆ, ದಿಂಬಿಲ್ಲ, ದಪ್ಪ ಹೊದಿಕೆಯಿಲ್ಲ. ಮಂಪರು ಬರುವ ನೋವಿನ ಮಾತ್ರೆ ತೆಗೆದುಕೊಂಡ ತಾಯಿಯೂ ಮಗುವನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಬಾರದು.

ವಾರ್ಡ್ ನರ್ಸ್

ಹೆರಿಗೆ ವಾರ್ಡಿನಲ್ಲಿ ತುಂಬಾ ವರ್ಷದಿಂದ ಇದ್ದೇನೆ. ‘ಸುಲಭ’ ಅಂದವರಿಗೆ ಹೇಳಲು ಬೇಕಾದರೆ ಇಟ್ಟುಕೊಳ್ಳಿ: ಮೇಲೆ ಕಾಣುವುದು ಒಂದು ಗೆರೆ. ಒಳಗೆ ಚರ್ಮ, ಕೊಬ್ಬು, ಸ್ನಾಯುವಿನ ಮೇಲಿನ ಗಟ್ಟಿ ಪದರ, ಹೊಟ್ಟೆಯ ಒಳಪೊರೆ, ಆಮೇಲೆ ಗರ್ಭಕೋಶ, ಇಷ್ಟನ್ನೂ ದಾಟಿ ಮಗುವನ್ನು ತೆಗೆಯುತ್ತಾರೆ. ಹೊಟ್ಟೆಯ ಸ್ನಾಯುಗಳನ್ನು ಸಾಮಾನ್ಯವಾಗಿ ಕತ್ತರಿಸುವುದಿಲ್ಲ, ಎರಡೂ ಪಕ್ಕಕ್ಕೆ ಸರಿಸುತ್ತಾರೆ. ಏಳುವಾಗ, ಕೆಮ್ಮುವಾಗ, ನಗುವಾಗ ನೋಯುವುದು ಅದಕ್ಕೇ. ಚರ್ಮ ಒಂದೆರಡು ವಾರದಲ್ಲಿ ಕೂಡಿಕೊಳ್ಳುತ್ತದೆ. ಒಳಗಿನ ಪದರಗಳಿಗೆ ಆರು ವಾರ ಬೇಕು, ಪೂರ್ತಿ ಬಲ ಬರಲು ತಿಂಗಳುಗಟ್ಟಲೆ. ಹೊರಗಿನ ಗಾಯ ಒಣಗಿತು ಅಂತ ಎಲ್ಲ ಕೆಲಸಕ್ಕೂ ಕೈ ಹಾಕುವವರೇ ನಮ್ಮ ಹತ್ತಿರ ವಾಪಸ್ ಬರುವವರು.

ನೋವಿನ ಮಾತ್ರೆ. ಹಾಲು ಕೊಡುತ್ತಿದ್ದೇನೆ ಅಂತ ಮಾತ್ರೆ ಬಿಟ್ಟು ಹಲ್ಲು ಕಚ್ಚಿಕೊಂಡು ಇರುವ ತಾಯಂದಿರನ್ನು ದಿನಾ ನೋಡುತ್ತೇನೆ. ಸಾಮಾನ್ಯವಾಗಿ ಬರೆದುಕೊಡುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಎದೆಹಾಲಿಗೆ ಹೋಗುವುದು ತೀರಾ ಕಡಿಮೆ. ಡಾಕ್ಟರ್ ಕೊಟ್ಟಿದ್ದರೆ ಹೇಳಿದ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ನೋವು ತಲೆಗೇರಿದ ಮೇಲೆ ತೆಗೆದುಕೊಂಡರೆ ಅದು ಇಳಿಯಲು ತುಂಬಾ ಹೊತ್ತು ಬೇಕು. ನೋವು ಹಿಡಿತದಲ್ಲಿದ್ದರೆ ಹಾಲು ಕೊಡಲು ಕೂರುವುದೂ ಸುಲಭ, ನಡೆಯುವುದೂ ಸುಲಭ. ಆದರೆ ಮನೆಯಲ್ಲಿ ಮಿಕ್ಕಿದ ಹಳೆಯ ಮಾತ್ರೆ ನುಂಗಬೇಡಿ. ಕೊಡೀನ್, ಟ್ರಾಮಡಾಲ್ ಇರುವ ಮಾತ್ರೆಗಳು ಹಾಲಿನ ಮೂಲಕ ಮಗುವಿನ ಉಸಿರಾಟವನ್ನು ನಿಧಾನ ಮಾಡಬಹುದು ಅಂತ 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿದೆ.

ಗಾಯಕ್ಕೆ ಹೆಚ್ಚಿನ ಉಪಚಾರ ಬೇಡ. ಸ್ನಾನ ಮಾಡುವಾಗ ನೀರು ಹರಿದು ಹೋಗಲಿ, ಉಜ್ಜಬೇಡಿ. ಮೆತ್ತಗೆ ಒತ್ತಿ ಒರೆಸಿ ಒಣಗಲು ಬಿಡಿ. ಹೊಟ್ಟೆಯ ಮಡಿಕೆ ಗಾಯದ ಮೇಲೆ ಬೀಳುತ್ತಿದ್ದರೆ ದಿನಕ್ಕೆ ಎರಡು ಸಲ ಮಲಗಿ, ಮಡಿಕೆ ಎತ್ತಿ ಗಾಳಿ ಆಡಿಸಿ. ಒಳ ಉಡುಪಿನ ಪಟ್ಟಿ ಗಾಯದ ಮೇಲೇ ಕೂರಬಾರದು, ಹೊಕ್ಕುಳ ತನಕ ಬರುವ ಹತ್ತಿಯ ಚಡ್ಡಿ ಒಳ್ಳೆಯದು. ಪುಡಿ, ಎಣ್ಣೆ, ಇನ್ಯಾರೋ ಹೇಳಿದ ಮುಲಾಮು ಯಾವುದೂ ಬೇಡ.

ಇನ್ನು ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ್ದು. 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಮೇಲೆ ಜ್ವರ, ಅಂದರೆ 100.4 ಫ್ಯಾರನ್‌ಹೀಟ್. ಗಾಯ ಕೆಂಪಗೆ ಬಿಸಿಯಾಗುವುದು, ಕೀವು, ಕೆಟ್ಟ ವಾಸನೆ, ಹೊಲಿಗೆ ಬಿಚ್ಚಿಕೊಳ್ಳುವುದು. ಒಂದು ಗಂಟೆಯಲ್ಲಿ ಒಂದು ದೊಡ್ಡ ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು. ಎದೆನೋವು, ಉಸಿರು ಸಾಲದಿರುವುದು. ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು. ಈ ಕೊನೆಯದನ್ನು ನಿದ್ದೆ ಇಲ್ಲದ್ದಕ್ಕೆ ಅಂತ ತಳ್ಳಿಹಾಕುತ್ತಾರೆ. ಹೆರಿಗೆ ಆದ ಮೇಲೂ ಆರು ವಾರದ ತನಕ ರಕ್ತದೊತ್ತಡ ಅಪಾಯಕ್ಕೆ ಏರಬಹುದು. ಮೊದಲು ಒತ್ತಡ ಇರದವರಿಗೂ.

ಗಟ್ಟಿಗಿತ್ತಿ

ಇಷ್ಟೊಂದು ಹೆದರಿಸಬೇಡಿ. ನಾನು ಏಳನೇ ದಿನಕ್ಕೆ ಮನೆಕೆಲಸ ಎಲ್ಲ ಮಾಡಿಕೊಂಡೆ. ನಡೆದಷ್ಟೂ ಬೇಗ ವಾಸಿಯಾಗುತ್ತದೆ. ಹಾಸಿಗೆ ಹಿಡಿದರೆ ಹಾಸಿಗೆಯೇ ಗತಿ.

ಎರಡು ಹೊಲಿಗೆಯವಳು

ನಡೆಯಬೇಕು, ಒಪ್ಪಿದೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು, ಹೊಟ್ಟೆಯ ಗ್ಯಾಸ್ ಸರಿಯಬೇಕು, ಅದಕ್ಕೇ ತಾನೆ ಆಸ್ಪತ್ರೆಯಲ್ಲೇ ಎಬ್ಬಿಸಿ ನಡೆಸುವುದು. ಆದರೆ ಕೋಣೆಯಿಂದ ಕೋಣೆಗೆ ನಡೆಯುವುದು ಬೇರೆ, ಬಗ್ಗಿ ನೆಲ ಒರೆಸುವುದು ಬೇರೆ. ನೀವು ಮಾಡಿದ ಮೇಲೆ ರಕ್ತಸ್ರಾವ ಹೇಗಿತ್ತು, ಹೇಳಿ ನೋಡೋಣ.

ಗಟ್ಟಿಗಿತ್ತಿ

ಎಂಟನೇ ದಿನ ಮತ್ತೆ ಕೆಂಪಗೆ ಶುರುವಾಯಿತು. ಸರಿ, ಸೋತೆ.

ವಾರ್ಡ್ ನರ್ಸ್

ದೇಹದ ಲೆಕ್ಕ ಅದೇ. ಮೊದಲ ಕೆಲವು ದಿನ ಕೆಂಪು, ಆಮೇಲೆ ಕಂದು ಗುಲಾಬಿ, ಆಮೇಲೆ ತಿಳಿ ಹಳದಿ. ನಾಲ್ಕರಿಂದ ಆರು ವಾರ ಹೀಗೆ ಇಳಿಯುತ್ತಾ ಹೋಗುತ್ತದೆ. ಇಳಿದದ್ದು ಮತ್ತೆ ಕೆಂಪಾದರೆ ಇವತ್ತು ಜಾಸ್ತಿ ಓಡಾಡಿದಿರಿ ಅಂತ ಅರ್ಥ. ಕೂತು ವಿಶ್ರಾಂತಿ ತೆಗೆದುಕೊಂಡರೆ ಕಡಿಮೆಯಾಗಬೇಕು. ಆಗದಿದ್ದರೆ ಫೋನ್ ಮಾಡಿ.

ಒಂಬತ್ತನೇ ದಿನದ ಅಮ್ಮ

ಎಷ್ಟೊಂದು ಜನ ಬರೆದಿದ್ದೀರಿ! ದಿಮ್ಮಿ ಹೊರಳುವುದನ್ನು ಬೆಳಗ್ಗೆಯಿಂದ ಮೂರು ಸಲ ಮಾಡಿದೆ. ನಿಜವಾಗಿಯೂ ಬೇರೆಯೇ ಇದೆ. ಇದನ್ನು ಡಿಸ್ಚಾರ್ಜ್ ದಿನ ಯಾಕೆ ಯಾರೂ ಹೇಳಲಿಲ್ಲವೋ.

ಹಾಲಿನ ಬಗ್ಗೆ ಕೇಳಬೇಕಿತ್ತು. ನನಗೆ ಐದನೇ ದಿನ ಹಾಲು ಬಂತು. ಅಲ್ಲಿಯ ತನಕ ಮಗುವಿನ ತೂಕ ಇಳಿದಿತ್ತು, ಒಂದೆರಡು ಸಲ ಡಬ್ಬದ ಹಾಲು ಕೊಟ್ಟೆವು. ಇನ್ನು ಮುಂದೆ ನನ್ನ ಹಾಲು ಸಾಲುತ್ತದೋ ಇಲ್ಲವೋ ಅಂತ ಪ್ರತಿ ಸಲ ಅನುಮಾನ. ಮಡಿಲಲ್ಲಿ ಹಾಕಿಕೊಂಡರೆ ಅವಳ ಕಾಲು ಸರಿಯಾಗಿ ಹೊಲಿಗೆಗೇ ಒದೆಯುತ್ತದೆ.

ಅವಳಿಗಳ ತಾಯಿ

ನನ್ನದು ಅವಳಿ, ಆದ್ದರಿಂದ ನಾಲ್ಕು ಕಾಲು. ಒದೆ ತಪ್ಪಿಸಲು ಎರಡು ದಾರಿ ಇದೆ.

ಒಂದು, ಕಂಕುಳ ಹಿಡಿತ. ಮಗುವಿನ ಮೈ ನಿಮ್ಮ ತೋಳಿನ ಕೆಳಗೆ, ಕಾಲು ಬೆನ್ನ ಕಡೆಗೆ, ತಲೆ ನಿಮ್ಮ ಅಂಗೈಯಲ್ಲಿ. ಬಿಂದಿಗೆಯನ್ನು ಪಕ್ಕಕ್ಕೆ ಇಟ್ಟುಕೊಂಡ ಹಾಗೆ. ಪಕ್ಕದಲ್ಲಿ ಎರಡು ದಿಂಬು ಜೋಡಿಸಿ ಮಗುವನ್ನು ಎದೆಯ ಎತ್ತರಕ್ಕೆ ತನ್ನಿ. ನೀವು ಮಗುವಿನ ಕಡೆ ಬಗ್ಗಿದರೆ ಹತ್ತು ನಿಮಿಷದಲ್ಲಿ ಬೆನ್ನು ಹೋಗುತ್ತದೆ. ಇನ್ನೊಂದು, ಮಗ್ಗುಲು ಮಲಗಿ ಕೊಡುವುದು. ಹೊಟ್ಟೆಗೆ ಹೊಟ್ಟೆ ಎದುರು, ಮಗುವಿನ ಮೂಗು ನಿಮ್ಮ ತೊಟ್ಟಿನ ನೇರಕ್ಕೆ, ನಿಮ್ಮ ಮಂಡಿಗಳ ನಡುವೆ ಒಂದು ದಿಂಬು. ರಾತ್ರಿಗೆ ಇದು ವರ. ಆದರೆ ಪಕ್ಕದಲ್ಲಿ ಎಚ್ಚರವಾಗಿರುವ ಒಬ್ಬರು ಇರಲಿ, ಕುಡಿದ ಮೇಲೆ ಮಗುವನ್ನು ಅದರ ಜಾಗಕ್ಕೆ ಹಾಕಲಿ.

ತಡವಾಗಿ ಹಾಲು ಬಂದದ್ದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಆಪರೇಷನ್ ಆದವರಿಗೆ, ಅದೂ ಉದ್ದದ ನೋವು ತಿಂದ ಮೇಲೆ ಆದವರಿಗೆ, ಒಂದೆರಡು ದಿನ ತಡವಾಗುವುದು ಸಾಮಾನ್ಯ. ಮೊದಲ ದಿನಗಳ ದಪ್ಪ ಹಳದಿ ಹಾಲು ಚಮಚದ ಲೆಕ್ಕದಲ್ಲೇ ಇರುವುದು. ನಿಮ್ಮ ನರಕ್ಕೆ ಹಾಕಿದ ಡ್ರಿಪ್‌ನ ನೀರಿನಿಂದ ಮಗುವಿನ ಹುಟ್ಟಿದ ತೂಕವೂ ಸ್ವಲ್ಪ ಜಾಸ್ತಿ ತೋರಿಸಿರಬಹುದು. ಆ ನೀರು ಮೂತ್ರದಲ್ಲಿ ಹೋದಾಗ ತೂಕ ಇಳಿದಂತೆ ಕಾಣುತ್ತದೆ. ಮೊದಲ ದಿನಗಳಲ್ಲಿ ನೂರಕ್ಕೆ ಏಳರಷ್ಟು ಇಳಿಯುವುದು ಮಾಮೂಲು, ಹತ್ತರ ಹತ್ತಿರ ಹೋದರೆ ಡಾಕ್ಟರ್ ಗಮನಿಸುತ್ತಾರೆ. ಎರಡು ವಾರಕ್ಕೆ ಹುಟ್ಟಿದ ತೂಕಕ್ಕೆ ವಾಪಸ್ ಬಂದರೆ ಸಾಕು.

ಸಾಲುತ್ತದೋ ಇಲ್ಲವೋ ಅನ್ನುವುದಕ್ಕೆ ಎದೆಯನ್ನು ಕೇಳಬೇಡಿ, ಡಯಾಪರ್ ಕೇಳಿ. ಐದಾರನೇ ದಿನದ ಮೇಲೆ 24 ಗಂಟೆಯಲ್ಲಿ ಆರು ಸಲವಾದರೂ ಚೆನ್ನಾಗಿ ಒದ್ದೆಯಾಗಬೇಕು. ಮಲ ಮೊದಲು ಡಾಂಬರಿನ ಹಾಗೆ ಕಪ್ಪು, ಆಮೇಲೆ ಹಸಿರು, ಐದನೇ ದಿನದ ಹೊತ್ತಿಗೆ ಸಾಸಿವೆ ಹಳದಿ. ದಿನಕ್ಕೆ 8ರಿಂದ 12 ಸಲ ಕುಡಿಸುವುದು. ಗಡಿಯಾರಕ್ಕಿಂತ ಮಗುವಿನ ಬಾಯಿ ನೋಡಿ: ಕೈ ಬಾಯಿಗೆ ಹಾಕಿಕೊಳ್ಳುವುದು, ತಲೆ ಆಕಡೆ ಈಕಡೆ ಆಡಿಸುವುದು. ಅಳು ಹಸಿವಿನ ಕೊನೆಯ ಸೂಚನೆ. ಆ ಹಂತಕ್ಕೆ ಹೋದರೆ ನೀವು ಹೇಳಿದ ಹಾಗೆ ಸಿಟ್ಟಿನಲ್ಲಿ ಕುಡಿಯುವುದಿಲ್ಲ. ಅಂಥ ಹೊತ್ತಿನಲ್ಲಿ ಬರೀ ಮೈಯನ್ನು ನಿಮ್ಮ ಬರೀ ಎದೆಗೆ ಒರಗಿಸಿ, ಮೇಲೆ ಹೊದಿಕೆ ಹಾಕಿ ಸ್ವಲ್ಪ ಹೊತ್ತು ಸುಮ್ನೆ ಇರಿ. ಇಳಿಯುತ್ತಾಳೆ.

ಡಬ್ಬದ ಹಾಲಿನ ಬಗ್ಗೆ: ಅಗತ್ಯಕ್ಕೆ ಕೊಟ್ಟಿದ್ದೀರಿ, ಮುಗಿಯಿತು. ನನ್ನವರಲ್ಲಿ ಒಬ್ಬಳು ಆರು ವಾರ ಎರಡೂ ಕುಡಿದಳು. ಈಗ ಇಬ್ಬರಲ್ಲಿ ಯಾರು ಎಷ್ಟು ಕುಡಿದರು ಅಂತ ನನಗೇ ಮರೆತುಹೋಗಿದೆ.

ಸುಮ್ನೆ ಓದುವವಳು

ನಡುವೆ ಬಾಯಿ ಹಾಕುತ್ತೇನೆ. ಹಾಲು ಕೊಡುವಾಗ ಹೊಟ್ಟೆಯೊಳಗೆ ಹಿಂಡಿದ ಹಾಗೆ ಆಗುವುದು ಹೊಲಿಗೆ ನೋವಾ? ನನ್ನದು ಎರಡನೇ ಹೆರಿಗೆ, ಐದನೇ ದಿನ.

ವಾರ್ಡ್ ನರ್ಸ್

ಅಲ್ಲ ತಂಗಿ. ಮಗು ಚೀಪಿದಾಗ ಮೈಯಲ್ಲಿ ಆಕ್ಸಿಟೋಸಿನ್ ಅನ್ನುವ ಹಾರ್ಮೋನ್ ಬರುತ್ತದೆ, ಅದು ಗರ್ಭಕೋಶವನ್ನು ಕುಗ್ಗಿಸುತ್ತದೆ. ಎರಡನೇ, ಮೂರನೇ ಹೆರಿಗೆಯವರಿಗೆ ಜಾಸ್ತಿ ತಿಳಿಯುತ್ತದೆ. ಕೆಲವು ದಿನದಲ್ಲಿ ನಿಲ್ಲುತ್ತದೆ. ಹಾಲು ಕೊಡುವ ಅರ್ಧ ಗಂಟೆ ಮುಂಚೆ ನಿಮ್ಮ ಮಾತ್ರೆಯ ಹೊತ್ತು ಬರುವ ಹಾಗೆ ಹೊಂದಿಸಿಕೊಂಡರೆ ಆರಾಮ.

ಅಜ್ಜಿ ಅಂತಲೇ ಕರೆಯಿರಿ

ಮಗಳೇ, ನನ್ನದು ಹೊಕ್ಕುಳ ಕೆಳಗೆ ಉದ್ದಕ್ಕೆ ಕೊಯ್ದ ಕಾಲ. ನಿಮ್ಮದು ಅಡ್ಡಕ್ಕೆ ಕೆಳಗೆ ಇರುತ್ತದೆ, ಬೇಗ ಕೂಡುತ್ತದೆ. ನಮ್ಮದು ಸೀರೆಯ ಗಂಟು ಕಟ್ಟುವ ಜಾಗಕ್ಕೇ ಬರುತ್ತಿತ್ತು.

ನನಗೆ ಗೊತ್ತಿರುವುದು ಮೂರೇ. ಕೆಮ್ಮು, ಸೀನು ಬರುವ ಸೂಚನೆ ಸಿಕ್ಕಿದ ಕೂಡಲೇ ಒಂದು ದಿಂಬನ್ನು ಗಾಯದ ಮೇಲೆ ಒತ್ತಿ ಹಿಡಿ. ದಿಂಬು ಯಾವಾಗಲೂ ಕೈಗೆಟಕುವ ಹಾಗಿರಲಿ, ಸೀನು ಹೇಳಿ ಬರುವುದಿಲ್ಲ. ಎರಡು, ಮಲಬದ್ಧತೆಗೆ ಬಿಡಬೇಡ. ನೋವಿನ ಮಾತ್ರೆಯೂ ಕಬ್ಬಿಣದ ಮಾತ್ರೆಯೂ ಹೊಟ್ಟೆಯನ್ನು ಕಟ್ಟುತ್ತವೆ. ನೀರು ಚೆನ್ನಾಗಿ ಕುಡಿ, ನಾರು ಇರುವುದನ್ನು ತಿನ್ನು. ಕೂತಾಗ ಕಾಲ ಕೆಳಗೆ ಸಣ್ಣ ಮಣೆ ಇಟ್ಟುಕೊ, ತಿಣುಕಬೇಡ. ಆಗದಿದ್ದರೆ ಮೆತ್ತಗಾಗುವ ಔಷಧಿ ಕೇಳು, ನಾಚಿಕೆ ಬೇಡ. ಹೆರಿಗೆಗಿಂತ ಮೊದಲ ಸಲದ ಕಕ್ಕಸಿಗೇ ನಾನು ಜಾಸ್ತಿ ಹೆದರಿದ್ದೆ.

ಮೂರನೆಯದು, ನೋಡಲು ಬರುವವರು. ಬಂದವರು ಮಗುವನ್ನು ಎತ್ತಿಕೊಂಡು ಕೂರುತ್ತಾರೆ, ತಾಯಿ ಎದ್ದು ಅವರಿಗೆ ಕುಡಿಯಲು ತರುತ್ತಾಳೆ. ಇದು ಉಲ್ಟಾ ಆಗಬೇಕು. ಮಗುವಿಗೆ ಮುತ್ತು ಕೊಡಲು ಬಂದ ನೆಗಡಿಯವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸು. ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. ನಿನ್ನ ಕೈಲಿ ಆಗದಿದ್ದರೆ ಅಮ್ಮನಿಗೆ ಹೇಳು, ಅವರಿಗೆ ಬಾಯಿ ಇದೆಯಲ್ಲ.

ಮೂರನೇ ತಿಂಗಳು

ನನ್ನ ಕಥೆ ಸ್ವಲ್ಪ ಬೇರೆ, ಆದರೂ ಬರೆಯುತ್ತೇನೆ. ಹನ್ನೊಂದನೇ ದಿನ ಗಾಯದ ಬಲ ತುದಿಯಲ್ಲಿ ಸ್ವಲ್ಪ ಒದ್ದೆ. ಬೆವರು ಅಂದುಕೊಂಡೆ, ಏಕೆಂದರೆ ರಾತ್ರಿ ಎಲ್ಲ ಮೈ ತೊಯ್ಯುವಷ್ಟು ಬೆವರುತ್ತಿದ್ದೆ. ಹೆರಿಗೆ ಆದ ಮೇಲೆ ಕೆಲವು ವಾರ ಹಾಗೆ ಬೆವರುವುದು ಸಹಜವಂತೆ. ಹದಿಮೂರನೇ ದಿನ ವಾಸನೆ. ಹದಿನಾಲ್ಕಕ್ಕೆ 101 ಜ್ವರ. ಹೆರಿಗೆ ಮಾಡಿಸಿದ ಕಡೆ ಫೋನ್ ಮಾಡಿದರೆ ‘ಸೋಮವಾರ ಬನ್ನಿ’ ಅಂದರು. ಅವತ್ತು ಶುಕ್ರವಾರ. ಅತ್ತೆ ಆ ಮಾತು ಕೇಳದೆ ನನ್ನನ್ನು ಇನ್ನೊಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದರು. ಒಂದು ಕಡೆ ಹೊಲಿಗೆ ತೆರೆದು, ಒಳಗೆ ತೊಳೆದು, ಆಂಟಿಬಯಾಟಿಕ್ ಕೊಟ್ಟರು. ಹಾಲು ಕೊಡುವುದನ್ನು ನಿಲ್ಲಿಸಬೇಕಾಗಲಿಲ್ಲ, ಕೊಡುವಾಗ ತೆಗೆದುಕೊಳ್ಳಬಹುದಾದ ಔಷಧಿಯನ್ನೇ ಆರಿಸಿದರು. ಮೂರು ವಾರ ದಿನಾ ಡ್ರೆಸಿಂಗ್.

ಇವತ್ತು ಗಾಯ ಒಣಗಿದೆ. ಆದರೆ ಮೂರು ದಿನ ಮುಂಚೆ, ಆ ಒದ್ದೆ ಕಂಡ ದಿನವೇ ಹೋಗಿದ್ದರೆ ಬರೀ ಮಾತ್ರೆಯಲ್ಲಿ ಮುಗಿಯುತ್ತಿತ್ತೇನೋ. ನಿಮಗೆ ಗಾಯ ಕಾಣದಿದ್ದರೆ ದಿನಾ ಫೋನಿನಲ್ಲಿ ಒಂದು ಫೋಟೋ ತೆಗೆಸಿಕೊಳ್ಳಿ. ನಿನ್ನೆಗೂ ಇವತ್ತಿಗೂ ಹೋಲಿಸಿದರೆ ತಿಳಿಯುತ್ತದೆ. ಗಾಯದ ಸುತ್ತ ಮರಗಟ್ಟಿದ ಹಾಗೆ ಇರುತ್ತದೆ, ಮುಟ್ಟಿದರೆ ಗೊತ್ತಾಗುವುದಿಲ್ಲ, ಆದ್ದರಿಂದ ನೋವಿಲ್ಲ ಅಂತ ಸುಮ್ಮನಿರಬೇಡಿ. ಈ ಮರಗಟ್ಟುವಿಕೆ ನನಗೆ ಇನ್ನೂ ಇದೆ. ಸಣ್ಣ ನರಗಳು ಕತ್ತರಿಸಿರುತ್ತವಂತೆ, ತಿಂಗಳುಗಟ್ಟಲೆ ಬೇಕಂತೆ.

ಬೆಳಕು ಸಾಲದವಳು

ಎಲ್ಲರೂ ಹೊಲಿಗೆ ಬಗ್ಗೆ ಬರೆದಿದ್ದೀರಿ. ಆ ‘ಸುಲಭ’ದ ಮಾತು ಒಳಗೆ ಕೂತಿದೆ ಅಂತ ಬರೆದಿದ್ದಾರಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನನಗೂ ತುರ್ತು ಆಪರೇಷನ್. ಮೂರನೇ ದಿನದಿಂದ ಅಳು. ಕಾರಣ ಬೇಡ, ಮಗು ಸೀನಿದರೂ ಅಳು. ಇದು ತುಂಬಾ ತಾಯಂದಿರಿಗೆ ಆಗುತ್ತದೆ, ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ನನ್ನದು ಇಳಿಯಲಿಲ್ಲ. ಐದನೇ ವಾರಕ್ಕೆ ಅಳುವುದೂ ನಿಂತಿತ್ತು. ಮಗು ಮಲಗಿದ್ದರೂ ನನಗೆ ನಿದ್ದೆ ಇಲ್ಲ. ‘ನನ್ನ ದೇಹಕ್ಕೆ ಒಂದು ಹೆರಿಗೆಯನ್ನೂ ಸರಿಯಾಗಿ ಮಾಡಲು ಬರಲಿಲ್ಲ’ ಅನ್ನುವ ಒಂದೇ ವಾಕ್ಯ ತಲೆಯಲ್ಲಿ. ಮಗುವನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೆ, ಯಂತ್ರದ ಹಾಗೆ.

ಲಸಿಕೆ ಹಾಕಿಸಲು ಹೋದಾಗ ಅಲ್ಲಿನ ನರ್ಸ್ ಒಂದು ಹಾಳೆ ಕೊಟ್ಟರು. ಹತ್ತು ಪ್ರಶ್ನೆ, ಹಿಂದಿನ ಏಳು ದಿನ ಹೇಗಿದ್ದಿರಿ ಅಂತ. ಹೆರಿಗೆ ನಂತರದ ಖಿನ್ನತೆಯನ್ನು ಗುರುತಿಸಲು ಕೊಡುವ ಹಾಳೆ, ಎಡಿನ್‌ಬರ್ಗ್ ಪ್ರಶ್ನಾವಳಿ ಅಂತ ಹೆಸರು, 1987ರಿಂದ ಬಳಕೆಯಲ್ಲಿದೆ. ಕೊನೆಯ ಪ್ರಶ್ನೆ ನಿಮಗೆ ನೀವೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಅಂತ. ನಾನು ತುಂಬಾ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಆಮೇಲೆ ನಿಜ ಬರೆದೆ. ಅವತ್ತೇ ಡಾಕ್ಟರ್ ಮಾತಾಡಿದರು. ಮಾತಿನ ಚಿಕಿತ್ಸೆ, ಜೊತೆಗೆ ಹಾಲು ಕೊಡುವಾಗಲೂ ತೆಗೆದುಕೊಳ್ಳಬಹುದಾದ ಮಾತ್ರೆ. ಎಂಟು ತಿಂಗಳಾಯಿತು, ಈಗ ನಗುತ್ತೇನೆ.

ಎರಡು ವಾರ ದಾಟಿದರೂ ಮನಸ್ಸು ಏಳದಿದ್ದರೆ ಹೇಳಿ. ಗಂಡನಿಗೆ ಹೇಳಿ, ಡಾಕ್ಟರ್‌ಗೆ ಹೇಳಿ. ನಿಮಗೋ ಮಗುವಿಗೋ ಹಾನಿ ಮಾಡುವ ಯೋಚನೆ ಬಂದರೆ ಎರಡು ವಾರ ಕಾಯುವುದೂ ಬೇಡ, ಆ ಗಂಟೆಯಲ್ಲೇ ಹೇಳಿ.

ರಾತ್ರಿ ಪಾಳಿಯ ಅಪ್ಪ

ಇದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಏನೂ ಮಾತಾಡಲಿಲ್ಲ, ಫೋನ್ ಇಸಿದುಕೊಂಡು ಮತ್ತೆ ಓದಿದಳು.

ಸುಮ್ನೆ ಓದುವವಳು

ಹೊಟ್ಟೆಗೆ ಬೆಲ್ಟ್ ಹಾಕಿದರೆ ಹೊಟ್ಟೆ ಒಳಗೆ ಹೋಗುತ್ತದಾ?

ವಾರ್ಡ್ ನರ್ಸ್

ಹೊಟ್ಟೆ ಕರಗಿಸುವುದಿಲ್ಲ. ನಡೆಯುವಾಗ, ಕೆಮ್ಮುವಾಗ ಆಸರೆ ಕೊಡುತ್ತದೆ, ಕೆಲವರಿಗೆ ನೋವು ಕಡಿಮೆ ಅನ್ನಿಸುತ್ತದೆ. ಉಸಿರು ಕಟ್ಟುವಷ್ಟು ಬಿಗಿ ಬೇಡ, ಮಲಗುವಾಗ ಬಿಚ್ಚಿ. ಅಡಿಯಲ್ಲಿ ಗಾಯ ಬೆವರಬಾರದು.

ಒಂಬತ್ತನೇ ದಿನದ ಅಮ್ಮ

ಹೆಸರು ಬದಲಿಸಬೇಕು, ಇವತ್ತು ಇಪ್ಪತ್ತನಾಲ್ಕನೇ ದಿನ.

ಮಂಚ ಗೋಡೆಯಿಂದ ಈಚೆ ಬಂದಿದೆ, ಅವಳ ತೊಟ್ಟಿಲು ನನ್ನ ಮಗ್ಗುಲಿಗೆ. ನನ್ನ ಗಂಡನಿಗೆ ಈ ಎಲ್ಲವನ್ನೂ ಓದಲು ಕೊಟ್ಟೆ. ‘ಎಬ್ಬಿಸಲೇ ಇಲ್ಲವಲ್ಲ ನೀನು’ ಅಂತ ಮೊದಲು ಸಿಟ್ಟಾದರು. ಈಗ ರಾತ್ರಿ ಹನ್ನೆರಡರ ಸುತ್ತು, ಮೂರರ ಸುತ್ತು ಅವರದು. ಡಯಾಪರ್ ಹಿಂದುಮುಂದು ಹಾಕುತ್ತಾರೆ, ಆದರೆ ಹಾಕುತ್ತಾರೆ.

ಕಂಕುಳ ಹಿಡಿತ ನನಗೆ ಹೊಂದಲಿಲ್ಲ, ಮಣಿಕಟ್ಟು ನೋಯುತ್ತದೆ. ಮಗ್ಗುಲು ಮಲಗಿ ಕೊಡುವುದು ಚೆನ್ನಾಗಿ ಬಂತು. ಹದಿಮೂರನೇ ದಿನಕ್ಕೆ ಹುಟ್ಟಿದ ತೂಕ ದಾಟಿದಳು. ಹೊಕ್ಕುಳಬಳ್ಳಿಯ ತುಂಡು ಹತ್ತನೇ ದಿನ ಉದುರಿತ್ತು. ಡಯಾಪರ್ ಅದರ ಕೆಳಗೆ ಮಡಚಿ ಒಣಗಲು ಬಿಟ್ಟಿದ್ದೆವು ಅಷ್ಟೇ.

ಅಳು ನನಗೂ ಇತ್ತು, ಹದಿನೈದನೇ ದಿನದ ಹೊತ್ತಿಗೆ ಕಡಿಮೆಯಾಯಿತು. ಬೆಳಕು ಸಾಲದವಳು ಅಕ್ಕ, ನಿಮ್ಮ ಬರಹವನ್ನು ಉಳಿಸಿಟ್ಟುಕೊಂಡಿದ್ದೇನೆ. ಆ ‘ಸುಲಭ’ ಅಂದವರು ಮತ್ತೆ ಬಂದಿದ್ದರು. ನಾನು ಏನೂ ಹೇಳಲಿಲ್ಲ. ಅಮ್ಮ ಹೇಳಿದರು.

ಎರಡು ಹೊಲಿಗೆಯವಳು

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಆರು ವಾರದ ತಪಾಸಣೆಗೆ ಹೋಗುವಾಗ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ಮೊದಲನೆಯದು, ಆಪರೇಷನ್ ಯಾಕೆ ಮಾಡಬೇಕಾಯಿತು. ಎರಡನೆಯದು, ಒಳಗೆ ಗರ್ಭಕೋಶದ ಮೇಲೆ ಅಡ್ಡಕ್ಕೆ ಕೊಯ್ದರೋ ಉದ್ದಕ್ಕೆ ಕೊಯ್ದರೋ. ಹೊರಗಿನ ಗೆರೆ ನೋಡಿ ಅದು ಗೊತ್ತಾಗುವುದಿಲ್ಲ. ಮುಂದಿನ ಸಲ ಸಹಜ ಹೆರಿಗೆಗೆ ಪ್ರಯತ್ನಿಸಬಹುದೋ ಇಲ್ಲವೋ ಅನ್ನುವುದು ಇದರ ಮೇಲೆ ನಿಂತಿರುತ್ತದೆ. ಆಪರೇಷನ್ ವಿವರ ಬರೆದ ಕಾಗದದ ಒಂದು ಪ್ರತಿ ಇಸಿದುಕೊಳ್ಳಿ. ನಾನು ಮೊದಲ ಸಲ ಕೇಳಲಿಲ್ಲ. ಎರಡನೇ ಸಲ ಬೇರೆ ಕಡೆ ಹೋದಾಗ ಯಾರಿಗೂ ಗೊತ್ತಿರಲಿಲ್ಲ.

ಗರ್ಭನಿರೋಧದ ಬಗ್ಗೆಯೂ ಕೇಳಿ. ಹಾಲು ಕೊಡುತ್ತಿದ್ದರೆ ಗರ್ಭ ನಿಲ್ಲುವುದಿಲ್ಲ ಅನ್ನುವುದನ್ನು ನಂಬಿಕೊಂಡು ಕೂರಬೇಡಿ. ಮಗುವಿಗೆ ಆರು ತಿಂಗಳು ತುಂಬಿಲ್ಲ, ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿಲ್ಲ, ಮುಟ್ಟು ಶುರುವಾಗಿಲ್ಲ, ಈ ಮೂರೂ ಒಟ್ಟಿಗೆ ಇದ್ದರೆ ಮಾತ್ರ ಅದು ಕೆಲಸ ಮಾಡುವುದು. ಹೊಲಿಗೆ ಬಿದ್ದ ಗರ್ಭಕೋಶಕ್ಕೆ ಮುಂದಿನ ಬಸಿರಿನ ಮುಂಚೆ ಒಂದೂವರೆ ವರ್ಷವಾದರೂ ಬಿಡುವು ಬೇಕು ಅನ್ನುತ್ತಾರೆ.

ಒಂಬತ್ತನೇ ದಿನದ ಅಮ್ಮ

ಮುಂದಿನ ಸಲವಾ! ಈ ಸಲದ್ದೇ ಇನ್ನೂ ಮುಗಿದಿಲ್ಲ ಅಕ್ಕ. ಆದರೂ ಬರೆದುಕೊಂಡೆ. ಗಾಡಿ ಓಡಿಸುವುದು ಯಾವಾಗಿನಿಂದ ಅಂತಲೂ ಸೇರಿಸಿದ್ದೇನೆ. ಥಟ್ಟನೆ ಬ್ರೇಕ್ ಒತ್ತಿದರೆ ನೋಯದ ಹಾಗೆ ಆಗಬೇಕು ಅಂತ ಅಣ್ಣ ಹೇಳುತ್ತಿದ್ದ.

ಇರಿ, ಕೈ ಬಾಯಿಗೆ ಹಾಕಿಕೊಳ್ಳುತ್ತಿದ್ದಾಳೆ. ಇನ್ನೂ ಅಳು ಶುರುವಾಗಿಲ್ಲ. ಹೊರಳಿ ಬರುತ್ತೇನೆ.